ಮೂರು ಬೆರಳಿನ ಉಪ್ಪು

ನಾನು ನಾಪಾಸಾಗಿ ಸಾಲಿ ಬಿಟ್ಟವನಲ್ಲ. ನಾಲ್ಕನೇ ಇಯತ್ತೆ ಪಾಸಾಗಿ, ಐದನೇದಕ್ಕೆ ಹೋಗದೆ ಬಿಟ್ಟವನು. ಈ ವ್ಯತ್ಯಾಸವನ್ನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ವಿಜಾಪುರ ಕಡೆಯ ಹಳ್ಳಿಯಿಂದ ಮುಂಬಯಿ ಸೀಮೆಗೆ ಬಂದಾಗ ನನಗೆ ಹದಿನೈದು. ಕಳವಾ ಅನ್ನುವ ಊರಲ್ಲಿ ಇಟ್ಟಂಗಿ ಹೊತ್ತೆ, ಡೊಂಬಿವಲಿಯಲ್ಲಿ ಪಾಯ ತೋಡಿದೆ, ಉಲ್ಹಾಸನಗರದಲ್ಲಿ ಗೋಡೆಗೆ ಗಿಲಾವು ಮಾಡಲು ಕಲಿತೆ. ಮೂವತ್ತು ತುಂಬುವುದರೊಳಗೆ ಮುಕಾದಮ ಆದೆ. ಮುಕಾದಮ ಅಂದರೆ ಊರಿಂದ ಜನ ಕರೆತಂದು, ಅವರ ಹಾಜರಿ ಹಿಡಿದು, ಅವರಿಗೂ ಗುತ್ತಿಗೆದಾರನಿಗೂ ನಡುವೆ ನಿಂತು, ಎರಡೂ ಕಡೆಯಿಂದ ಬೈಸಿಕೊಳ್ಳುವವನು.

ನನ್ನ ಹೆಸರು ನಿಂತಿದ್ದು ಈ ಬಲಗೈ ಮೇಲೆ. ಸಿಮೆಂಟು, ಉಸುಕು, ಖಡಿ, ನೀರು ಕಲಸಿದ್ದಕ್ಕೆ ನಾವು ಮಾಲು ಅನ್ನುತ್ತೇವೆ. ಒಂದು ಮುಷ್ಟಿ ಮಾಲು ಹಿಡಿದು ಹಿಚುಕಿ ಬಿಟ್ಟರೆ ಸಾಕು, ಅದಕ್ಕೆ ನೀರು ಹೆಚ್ಚಾಗಿದೆಯೋ ಸಿಮೆಂಟು ಕಡಿಮೆಯಾಗಿದೆಯೋ ಹೇಳಿಬಿಡುತ್ತಿದ್ದೆ. ಇಂಜಿನಿಯರ್ ಸಾಹೇಬ ಅದೇ ಮಾಲನ್ನು ಅಚ್ಚಿಗೆ ಹಾಕಿ, ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟು, ಮಷೀನಿನಲ್ಲಿ ಒಡೆಸಿ ನೋಡುತ್ತಿದ್ದ. ಉತ್ತರ ನಾನು ಹೇಳಿದ್ದೇ ಬರುತ್ತಿತ್ತು. ಒಂದು ಸಲ ಬರಲಿಲ್ಲ. ಆಗ ಮಷೀನು ಕೆಟ್ಟಿರಬೇಕು.

ನಾನು ಹೇಳುವುದು ಎಂಬತ್ತರ ನಂತರದ ಒಂದು ಮಳೆಗಾಲದ ಮಾತು. ನೆರೂಳದ ಕಡೆ ಕಟ್ಟಡಗಳು ಏಳುತ್ತಿದ್ದವು. ನವಿ ಮುಂಬಯಿ ಆಗಿನ್ನೂ ಊರಾಗಿರಲಿಲ್ಲ. ರಸ್ತೆ ಇತ್ತು, ರಸ್ತೆಯ ಎರಡೂ ಕಡೆ ಕೆಸರಿತ್ತು, ಕೆಸರಿನಲ್ಲಿ ನಾವಿದ್ದೆವು. ಹನ್ನೊಂದು ಸಂಸಾರ, ಹನ್ನೊಂದು ಪತ್ರಾದ ಖೋಲಿ, ಅಂದರೆ ತಗಡಿನ ಕೋಣೆ. ಬೆಳಿಗ್ಗೆ ಎಂಟಕ್ಕೆ ಹಾಜರಿ ಆದ ಮೇಲೆ ಗಂಡಸರು ಗೋಡೆ ಹತ್ತುತ್ತಿದ್ದರು, ಹೆಂಗಸರು ಕಬ್ಬಿಣದ ಬುಟ್ಟಿ, ಅಂದರೆ ಘಮೇಲಿ, ತಲೆಗಿಟ್ಟು ಮಾಲು ಹೊರುತ್ತಿದ್ದರು. ಕ್ಯಾಂಪಿನಲ್ಲಿ ಉಳಿಯುತ್ತಿದ್ದವರು ಒಬ್ಬ ಮುದುಕಿ, ಕೂಸುಗಳು, ಮತ್ತು ಕೂಸು ಆಡಿಸುವ ಹುಡುಗಿಯರು.

ಈ ಹುಡುಗಿಯರ ವಿಷಯ ಹೇಳಬೇಕು. ನಮ್ಮ ಕಡೆ ಗ್ಯಾಂಗು ಮುಂಬಯಿಗೆ ಹೊರಟಿತೆಂದರೆ ಎಳೆಗೂಸು ಇರುವ ಪ್ರತಿ ಸಂಸಾರವೂ ಹತ್ತು ಹನ್ನೆರಡು ವರ್ಷದ ಒಂದು ಹುಡುಗಿಯನ್ನು ಜೊತೆಗೆ ತರುವುದು ವಾಡಿಕೆ. ಸ್ವಂತ ಮಗಳಿದ್ದರೆ ಮಗಳು, ಇಲ್ಲದಿದ್ದರೆ ಅಕ್ಕನ ಮಗಳು, ನಾದಿನಿ, ಯಾರಾದರೂ. ತಾಯಿ ಮಾಲು ಹೊರಬೇಕು, ಹುಡುಗಿ ಕೂಸು ಹೊರಬೇಕು. ಹುಡುಗಿ ದೊಡ್ಡವಳಾದ ಕೂಡಲೇ ಊರಿಗೆ ಕಳಿಸಿ ಲಗ್ನ ಮಾಡುವುದು, ಅವಳ ಜಾಗಕ್ಕೆ ಇನ್ನೊಂದು ಸಣ್ಣದನ್ನು ತರುವುದು. ಊರ ಸಾಲಿಯ ಹಾಜರಿಯಿಂದ ಅವರ ಹೆಸರು ಹೋಗುತ್ತಿತ್ತು, ನನ್ನ ಹಾಜರಿಗೆ ಬರುತ್ತಿರಲಿಲ್ಲ. ಅಂಥ ಆರು ಹುಡುಗಿಯರಿದ್ದರು. ಅವರಲ್ಲಿ ಒಬ್ಬಳು ನನ್ನ ಅಕ್ಕನ ಮಗಳು, ಹದಿಮೂರು ನಡೆಯುತ್ತಿತ್ತು. ನನ್ನ ಹತ್ತು ತಿಂಗಳ ಮಗಳನ್ನು ಟೊಂಕದ ಮೇಲಿಂದ ಇಳಿಸದೆ ಸಾಕುತ್ತಿದ್ದವಳು ಅವಳೇ.

ಅವಳನ್ನು ನನ್ನ ತಮ್ಮನಿಗೆ ಕೊಡುವುದೆಂದು ಹುಟ್ಟಿದಾಗಲೇ ಮಾತಾಗಿತ್ತು. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ತಮ್ಮನಿಗೆ ಇಪ್ಪತ್ತೈದು, ನನ್ನ ಗ್ಯಾಂಗಿನಲ್ಲೇ ಗೋಡೆ ಕಟ್ಟುವ ಗೌಂಡಿ. ಬರುವ ಉಗಾದಿ ದಾಟಿದ ಮೇಲೆ ಲಗ್ನ ಅಂತ ನಾನೇ ನಿಕ್ಕಿ ಮಾಡಿದ್ದೆ. ಒಂದು ದಿನ ನಾನು ದಾಡಿ ಮಾಡಿಕೊಳ್ಳುತ್ತ ಕೂತಾಗ ಅವಳು ಕನ್ನಡಿಯ ಹಿಂದೆ ಬಂದು ನಿಂತಳು.

"ಮಾಮಾ, ನನಗ ಈಗ ಲಗ್ನ ಬ್ಯಾಡ."

"ನಿನ್ನ ಕೇಳಿದವರು ಯಾರು?"

"ಯಾರೂ ಕೇಳಿಲ್ಲ. ಅದಕ್ಕ ನಾನಾ ಹೇಳಾಕತ್ತೀನಿ."

ಮುಖಕ್ಕೆ ಸಾಬೂನು ಹಚ್ಚಿದ್ದರಿಂದ ಬೈಯಲು ಆಗಲಿಲ್ಲ. ಮುಖ ತೊಳೆಯುವಷ್ಟರಲ್ಲಿ ಅವಳು ಕೂಸು ಎತ್ತಿಕೊಂಡು ಹೋಗಿದ್ದಳು.

ಆ ಮಳೆಗಾಲದ ಮೊದಲ ವಾರ ಕೆಸರಿನಲ್ಲಿ ಸಿಕ್ಕು ನೀರಿನ ಟ್ಯಾಂಕರ್ ನಾಲ್ಕು ದಿನ ಬರಲಿಲ್ಲ. ಸ್ಲ್ಯಾಬಿಗೆ ಹಾಯಿಸಲು ತೋಡಿದ ಹೊಂಡದ ನೀರನ್ನೇ ಜನ ಬಟ್ಟೆಯಲ್ಲಿ ಸೋಸಿ ಕುಡಿದರು. ಕುಡಿಯಬೇಡಿ ಅಂತ ನಾನು ಹೇಳಲಿಲ್ಲ, ನಾನೂ ಕುಡಿದೆ. ಐದನೇ ದಿನ ವಾಂತಿಭೇದಿ ಶುರುವಾಯಿತು. ರಸ್ತೆಯ ಆಚೆ ಇನ್ನೊಂದು ಕ್ಯಾಂಪಿತ್ತು, ರಾಯಚೂರು ಕಡೆಯವರದು. ಅಲ್ಲಿ ಒಂದೇ ವಾರದಲ್ಲಿ ಎರಡು ಕೂಸು ಹೋದವು. ನಮ್ಮಲ್ಲಿ ಮೊದಲು ಮಲಗಿದವರು ಇಬ್ಬರು ಗಂಡಸರು, ಆಮೇಲೆ ಒಬ್ಬ ಬಾಣಂತಿ.

ನಮ್ಮ ಕ್ಯಾಂಪಿನ ಮುದುಕಿಯನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ಭೇದಿ ಹತ್ತಿದವರಿಗೆ ನೀರು ಕೊಡಬಾರದೆಂದು ಅವಳು ಕಾವಲು ಕೂತಳು. ಇದು ನಮ್ಮ ಹಿರಿಯರಿಂದ ಬಂದ ಮಾತು, ನಾನೂ ನಂಬಿದ್ದೆ. "ಒಡಕ ಕೊಡಕ್ಕ ನೀರ ಹಾಕಿದ್ರ ನಿಂದರತೈತೇನು?" ಅನ್ನುತ್ತಿದ್ದಳು. ಮಲಗಿದವರ ನಾಲಿಗೆ ಒಣಗಿ ಚಪ್ಪಲಿ ತೊಗಲಿನಂತಾಗಿತ್ತು.

ಆಗ ಬಂದವಳು ನರ್ಸಬಾಯಿ. ಸರಕಾರಿ ದವಾಖಾನೆಯಿಂದ ಸೋಮವಾರ, ಗುರುವಾರ ಬಸ್ಸಿನಲ್ಲಿ ಬಂದು, ಸೀರೆ ಎತ್ತಿ ಹಿಡಿದು, ಕೆಸರು ದಾಟಿ ಬರುತ್ತಿದ್ದಳು. ಮಂಗಳೂರು ಕಡೆಯವಳು. ಮನೆಯಲ್ಲಿ ತುಳು ಮಾತಂತೆ, ನಮ್ಮ ಹತ್ತಿರ ಪುಸ್ತಕದಲ್ಲಿರುವಂಥ ಕನ್ನಡ. ಅವಳು ಬರುವ ಹೊತ್ತು ಹನ್ನೊಂದು ಗಂಟೆ. ಆ ಹೊತ್ತಿಗೆ ಕ್ಯಾಂಪಿನಲ್ಲಿ ಮಾತಾಡಿಸಲು ಸಿಗುವವರು ಹುಡುಗಿಯರು ಮಾತ್ರ. ಹಿರಿಯರಿಗೆ ಕಲಿಸಲು ಬಂದವಳು ಹುಡುಗಿಯರಿಗೆ ಕಲಿಸಿ ಹೋದಳು.

ಅವಳು ಹೋದ ಮೇಲೆ ಹುಡುಗಿಯರು ಒಬ್ಬರಿಗೊಬ್ಬರು "ಎಂತ ಮಾರಾಯ್ತಿ" ಅಂದುಕೊಂಡು ನಗುತ್ತಿದ್ದರು. ಆದರೆ ಅವಳು ಹೇಳಿದ್ದನ್ನು ಮರೆಯಲಿಲ್ಲ. ಒಂದು ಜರ್ಮನ್ ತಂಬಿಗೆಯಲ್ಲಿ, ಅಂದರೆ ಅಲ್ಯೂಮಿನಿಯಂ ತಂಬಿಗೆಯಲ್ಲಿ, ತನ್ನ ಬಾಟಲಿಯಿಂದ ಒಂದು ಲೀಟರು ನೀರು ಸುರಿದು, ನೀರು ನಿಂತ ಕಡೆ ಮೊಳೆಯಿಂದ ಗೀಟು ಎಳೆದು ಕೊಟ್ಟಿದ್ದಳು. ಕುದಿಸಿ ಆರಿಸಿದ ನೀರು ಗೀಟಿನವರೆಗೆ, ಒಂದು ಹಿಡಿ ಸಕ್ಕರೆ, ಮೂರು ಬೆರಳಿನ ಚಿಟಿಕೆ ಉಪ್ಪು. ಭೇದಿ ಆದವರಿಗೆ ಚಮಚೆ ಚಮಚೆ ಕುಡಿಸುತ್ತಲೇ ಇರಬೇಕು. ಕೊಡುವ ಮೊದಲು ತಾನು ರುಚಿ ನೋಡಬೇಕು. ಇದೆಲ್ಲ ನನಗೆ ಆಮೇಲೆ ಸೊಸೆ ಹೇಳಿದ್ದು. ಅಕ್ಕನ ಮಗಳನ್ನು ನಾವು ಸೊಸೆ ಅಂತಲೇ ಅನ್ನುವುದು.

"ಕಣ್ಣೀರಿಗಿಂತ ಉಪ್ಪಾದರೆ ಚೆಲ್ಲಿಬಿಡು," ಅಂದಿದ್ದಳಂತೆ ನರ್ಸಬಾಯಿ.

"ನನಗ ಈಗ ಅಳು ಬರವಲ್ದಲ್ರಿ, ಹ್ಯಾಂಗ ಗೊತ್ತಾಗಬೇಕು?"

"ಹಿಂದೆ ಅತ್ತದ್ದು ನೆನಪುಂಟಲ್ಲ, ಅಷ್ಟು ಸಾಕು."

ಆಯಿ ತನ್ನ ಒಡಕು ಕೊಡದ ಮಾತು ತೆಗೆದಳಂತೆ. ನರ್ಸಬಾಯಿ, "ಒಡೆದ ಕೊಡಕ್ಕೆ ನೀರು ಹಾಕದೇ ಇದ್ದರೆ ಒಳಗೆ ಎಂತ ಉಳಿಯುತ್ತದೆ ಅಜ್ಜಿ?" ಅಂದಳಂತೆ. ಆಯಿ ಅದಕ್ಕೆ ಉತ್ತರ ಯೋಚಿಸುತ್ತ ಎರಡು ದಿನ ಸುಮ್ಮನಿದ್ದಳು. ಆ ಎರಡು ದಿನದಲ್ಲಿ ಹುಡುಗಿಯರು ಮೂವರು ರೋಗಿಗಳಿಗೂ ತಂಬಿಗೆ ಖಾಲಿ ಮಾಡಿಸಿದರು. ಮೂರನೇ ದಿನ ಬಾಣಂತಿ ಎದ್ದು ಕೂತಳು, ಇಬ್ಬರು ಗಂಡಸರು ಹಾಜರಿಗೆ ಬಂದು ನಿಂತರು. ನಮ್ಮ ಕಡೆಯ ಜನ ಗಟ್ಟಿ ಅಂತ ನಾನು ಸಾಹೇಬನಿಗೆ ಹೇಳಿದೆ.

ಸೊಸೆ ಅಳತೆ ಹೇಳಲು ಬಂದಾಗ ನಾನು ಅಂದದ್ದು ಇಷ್ಟೇ: "ಅಳತಿ ನನಗ ಕಲಸ್ತಿ? ಈ ಕೈಯಾಗ ಏಳು ಬಿಲ್ಡಿಂಗ್ ಎದ್ದಾವ."

"ಬಿಲ್ಡಿಂಗ್ ಕುಡಿಯೂದಿಲ್ಲಲ್ಲ ಮಾಮಾ," ಅಂದಳು.

ಮುಂದಿನ ವಾರ ನನ್ನ ಮಗಳಿಗೆ ಭೇದಿ ಹತ್ತಿತು. ಅವತ್ತು ಮಳೆ ಜೋರಾಗಿ ಸ್ಲ್ಯಾಬಿನ ಕೆಲಸ ನಿಂತಿತ್ತು. ಹೆಂಡತಿ ಮತ್ತು ಉಳಿದ ಹೆಂಗಸರು ಸಿಮೆಂಟಿನ ಚೀಲಗಳನ್ನು ಒಳಗೆ ಸಾಗಿಸುತ್ತಿದ್ದರು, ನಾನು ಖೋಲಿಯಲ್ಲಿದ್ದೆ. ಸೊಸೆ ಕುಡಿಸಲು ಎರಡು ತಂಬಿಗೆ ತಯಾರು ಮಾಡಿದ್ದಳು. ಮೊದಲನೆಯದು ಮುಗಿಯುತ್ತ ಬಂದಾಗ ರಸ್ತೆಯಲ್ಲಿ ಟ್ಯಾಂಕರಿನ ಹಾರ್ನು ಕೇಳಿಸಿತು. ಕೊಡ ಎತ್ತಿಕೊಂಡು ಅವಳು ಓಡಿದಳು. ಸರತಿಯಲ್ಲಿ ಹಿಂದೆ ಬಿದ್ದರೆ ನೀರು ಸಿಗುತ್ತಿರಲಿಲ್ಲ. ಹೋಗುವಾಗ "ಮಾಮಾ, ಇನ್ನೊಂದು ತಂಬಿಗಿ ಮುಚ್ಚಿಟ್ಟೀನಿ, ಅದನ್ನ ಕುಡಸು" ಅಂದಳು.

ಆ ಎರಡನೇ ತಂಬಿಗೆಯನ್ನು ನಾನು ಕತ್ತಲೆ ಖೋಲಿಯಲ್ಲಿ ಕಾಲಿನಿಂದ ಒದ್ದೆ. ಬೇಕಂತ ಅಲ್ಲ. ನೀರೆಲ್ಲ ನೆಲಕ್ಕೆ ಹೋಯಿತು. ಕುದಿಸಿದ ನೀರು ಇನ್ನೂ ಪಾತ್ರೆಯಲ್ಲಿತ್ತು. ನಾನೇ ಕಲಸಿದೆ.

ಹೇಗೆ ಕಲಸಿದೆ ಅನ್ನುವುದನ್ನು ಬಿಡದೆ ಹೇಳುತ್ತೇನೆ. ಮಳೆಗಾಲದಲ್ಲಿ ಉಸುಕು ಹಸಿ ಇರುತ್ತದೆ, ಅದಕ್ಕೆ ಮಾಲಿಗೆ ನೀರು ಕಡಿಮೆ ಹಾಕಬೇಕು. ಇದು ನನ್ನ ಕೈಗೆ ಕೂತ ರೂಢಿ. ಗೀಟಿಗಿಂತ ಎರಡು ಬೆರಳು ಕೆಳಗೇ ನೀರು ನಿಲ್ಲಿಸಿದೆ. ಸಕ್ಕರೆ ಒಂದು ಹಿಡಿ ಹಾಕಿದೆ. ಉಪ್ಪು ಮೂರು ಬೆರಳಿನಿಂದ ತೆಗೆದೆ. ನನ್ನ ಬೆರಳು ಸಿಮೆಂಟು ತಿಂದು ಸೀಳಿ, ಒಂದೊಂದೂ ಗುದ್ದಲಿ ಕಾವಿನ ಹಾಗೆ ದಪ್ಪ. ಮೂರು ಕೂಡಿದರೆ ಅದು ಚಿಟಿಕೆಯಲ್ಲ, ಸಣ್ಣ ಘಮೇಲಿ. ಆಮೇಲೆ ತಂಬಿಗೆಯೊಳಗೆ ನೋಡಿದೆ. ತಿಳಿಯಾಗಿ, ಏನೂ ಹಾಕಿಲ್ಲದ ಹಾಗೆ ಕಾಣಿಸಿತು. ಮಾಲು ತೆಳ್ಳಗೆ ಕಂಡರೆ ಒಂದು ಕೈ ಸಿಮೆಂಟು ಹೆಚ್ಚು ಹಾಕಬೇಕು, ಗೋಡೆ ಗಟ್ಟಿ ಬರುತ್ತದೆ. ಇನ್ನೊಂದು ಚಿಟಿಕೆ ಹಾಕಿದೆ. ರುಚಿ ನೋಡಲಿಲ್ಲ. ಮಾಲಿನ ರುಚಿ ಯಾರೂ ನೋಡುವುದಿಲ್ಲ.

ಕೂಸು ಗಟಗಟ ಕುಡಿಯಿತು. ಕುಡಿದಷ್ಟೂ ಬಾಯಿ ತೆರೆಯಿತು. ಗುಣ ಬಂತು ಅಂದುಕೊಂಡು ಕುಡಿಸುತ್ತಲೇ ಹೋದೆ. ಮಧ್ಯಾಹ್ನದ ಹೊತ್ತಿಗೆ ಅದು ಕಿರಚತೊಡಗಿತು, ಯಾರು ಎತ್ತಿಕೊಂಡರೂ ನಿಲ್ಲಲಿಲ್ಲ. ಮೈ ಬೆಂಕಿಯಾಯಿತು. ಸ್ವಲ್ಪ ಹೊತ್ತಿಗೆ ಒಂದು ಕೈ, ಒಂದು ಕಾಲು ತಾನಾಗಿಯೇ ಸೆಳೆಯತೊಡಗಿತು.

ಖಡಿ ಇಳಿಸಲು ಬಂದ ಟ್ರಕ್ಕಿನಲ್ಲಿ ನಾನು, ಹೆಂಡತಿ ಕೂಸು ಕಟ್ಟಿಕೊಂಡು ಠಾಣಾ ಪಟ್ಟಣಕ್ಕೆ ಹೋದೆವು. ದವಾಖಾನೆಯಲ್ಲಿ ಸೂಜಿ ಚುಚ್ಚಿ ಬಾಟಲಿ ಏರಿಸಿದರು. ಎಳೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದ. ನೀರಿನಲ್ಲಿ ಉಪ್ಪು ಎಷ್ಟು ಹಾಕಿದ್ದೀರಿ ಅಂತ ಹಿಂದಿಯಲ್ಲಿ ಕೇಳಿದ. "ಅಳತೆ ಪ್ರಕಾರ," ಅಂದೆ. "ಯಾರ ಅಳತೆ?" ಅಂದ. ನಾನು ಗೋಡೆ ನೋಡಿದೆ. ಗಿಲಾವು ಒಳ್ಳೆಯದಿತ್ತು. ಉಪ್ಪು ಬಹಳವಾಗಿದೆ, ಅದರಿಂದಲೇ ಹೀಗಾಯಿತು ಅಂತ ಅವನು ಬಿಡಿಸಿ ಹೇಳಿದ. ಹೆಂಡತಿಗೆ ಕೇಳಿಸಿತು. ಅವಳು ಒಂದೇ ಮಾತು ಅಂದಳು: "ಆ ಪೋರಿ ನನ್ನ ಕೂಸಿಗೆ ಏನ ಮಾಡಿಟ್ಟಳೋ."

ಆಗ ಹೇಳಬಹುದಿತ್ತು. ಹೇಳಲಿಲ್ಲ.

ಮೂರನೇ ದಿನ ಕೂಸು ಮೊಲೆಗೆ ಬಾಯಿ ಹಾಕಿತು, ನಾಲ್ಕನೇ ದಿನ ನಕ್ಕಿತು, ಶನಿವಾರ ಮನೆಗೆ ತಂದೆವು. ಅಷ್ಟರಲ್ಲಿ ಕ್ಯಾಂಪಿನಲ್ಲಿ ಮಾತು ಮುಗಿದುಹೋಗಿತ್ತು. ಹುಡುಗಿಯರ ನೀರು ಕುಡಿದರೆ ಸೆಳೆತ ಬರುತ್ತದೆ ಅಂತ. ಅದೇ ನೀರು ಕುಡಿದು ಎದ್ದ ಇಬ್ಬರು ಗಂಡಸರೂ ಹಾಗೇ ಅನ್ನುತ್ತಿದ್ದರು. ನಾಲ್ಕು ದಿನದಿಂದ ಯಾರೂ ಹುಡುಗಿಯರ ಕೈಯಿಂದ ಏನೂ ಕುಡಿದಿರಲಿಲ್ಲ. ಹೊಸದಾಗಿ ಮಲಗಿದ ಎರಡು ಕೂಸುಗಳಿಗೆ ಆಯಿಯ ಕಾವಲು ಮತ್ತೆ ಕೂತಿತ್ತು. ಗುರುವಾರ ಬಂದ ನರ್ಸಬಾಯಿಯನ್ನು ರಸ್ತೆಯಿಂದಲೇ ತಿರುಗಿ ಕಳಿಸಿದ್ದರು.

ಭಾನುವಾರ ಸುಟ್ಟಿ. ಎಲ್ಲರೂ ನನ್ನ ಖೋಲಿಯ ಮುಂದೆ ಕೂತರು.

"ಆರೂ ಹುಡುಗ್ಯಾರನ್ನ ಊರಿಗೆ ಕಳಸೂಣು," ಅಂದಳು ಆಯಿ. "ದೊಡ್ಡವರಾಗಾಕ ಬಂದಾವು, ಒಂದೊಂದು ಲಗ್ನ ಮಾಡಿ ಕೈ ತೊಳಕೊಳ್ರಿ. ನಿನ್ನ ಅಕ್ಕನ ಮಗಳಿಗಂತೂ ಗಂಡು ಮನ್ಯಾಗ ಐತಿ. ಉಗಾದಿ ಯಾಕ, ಶ್ರಾವಣದಾಗ ಮಾಡು."

ನನ್ನ ಹೆಂಡತಿ, "ನನ್ನ ಕಣ್ಣ ಮುಂದಿಂದ ಹೋಗ್ಲಿ, ಸಾಕು," ಅಂದಳು.

ಮಂಗಳವಾರ ಕಲ್ಯಾಣದಿಂದ ಸೊಲ್ಲಾಪುರ ಕಡೆಯ ಗಾಡಿಗೆ ನನ್ನ ತಮ್ಮನೇ ಆರೂ ಹುಡುಗಿಯರನ್ನು ಕರೆದುಕೊಂಡು ಹೋಗುವುದೆಂದು ಆಯಿತು. ಎಲ್ಲರೂ ನನ್ನ ಮುಖ ನೋಡಿದರು. ಮುಕಾದಮ ಗೋಣು ಹಾಕಿದರೆ ಮಾತು ಪಕ್ಕಾ ಆದ ಹಾಗೆ. ನಾನು ಗೋಣು ಹಾಕಿದೆ. ಯಾಕೆ ಹಾಕಿದೆ ಅಂದರೆ, ಗ್ಯಾಂಗು ನಂಬುವುದು ಮುಕಾದಮನ ಕೈಯನ್ನು. ಕೈ ತಪ್ಪಿತು ಅಂತ ಗೊತ್ತಾದರೆ ಮರುದಿನ ಇನ್ನೊಬ್ಬನ ಹಿಂದೆ ಹೋಗುತ್ತಾರೆ. ಹದಿನೆಂಟು ವರ್ಷ ದುಡಿದು ಸಂಪಾದಿಸಿದ್ದು ಅದೊಂದೇ ಕೈ.

ಸಂಜೆ ಸೊಸೆ ತಾನು ಉಡುವ ಎರಡು ಪರಕಾರ, ಒಂದು ಕನ್ನಡಿ, ನರ್ಸಬಾಯಿ ಕೊಟ್ಟ ಅರ್ಧ ಪೆನ್ಸಿಲು ಗಂಟು ಕಟ್ಟುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಅವತ್ತು ಟ್ಯಾಂಕರಿನಿಂದ ಬಂದವಳು ತಂಬಿಗೆಯ ತಳದಲ್ಲಿ ಉಳಿದದ್ದನ್ನು ನಾಲಿಗೆಗೆ ಹಚ್ಚಿ ನೋಡಿದ್ದನ್ನು, ಆಮೇಲೆ ಅದನ್ನು ಹೊರಗೆ ಚೆಲ್ಲಿ ತೊಳೆದಿಟ್ಟದ್ದನ್ನು ನಾನು ಕಂಡಿದ್ದೆ.

"ನಿನಗ ಗೊತ್ತಿತ್ತು," ಅಂದೆ.

"ಹೂಂ."

"ನಾಕ ದಿನ ಇವರೆಲ್ಲಾ ಬೈದ್ರು. ಯಾಕ ಹೇಳಲಿಲ್ಲ?"

ಗಂಟು ಬಿಗಿಯಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದಳು. "ನೀ ಹೇಳ್ತಿ ಅಂತ ಮಾಡಿದ್ದೆ," ಅಂದಳು.

ದೂರುವ ದನಿಯಲ್ಲಿ ಅಂದಿದ್ದರೆ ನಾನು ಎರಡು ಬಾರಿಸಿ ಹೊರಟುಹೋಗುತ್ತಿದ್ದೆ. ಟ್ಯಾಂಕರ್ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ ಅನ್ನುವ ಹಾಗೆ ಅಂದಳು.

ಸೋಮವಾರ ಎಂಟಕ್ಕೆ ಹಾಜರಿಗೆ ಎಲ್ಲರೂ ನಿಂತಿದ್ದರು. ನಾನು ವಹಿ ತೆರೆಯಲಿಲ್ಲ. ಒಂದೇ ಅಳತೆಯ ಎರಡು ಜರ್ಮನ್ ತಂಬಿಗೆ, ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಕುದಿಸಿದ ನೀರಿನ ಪಾತ್ರೆ ತಂದು ಇಟ್ಟಂಗಿ ಒಟ್ಟಿನ ಮೇಲಿಟ್ಟೆ. ಸೊಸೆಯನ್ನು ಕರೆದೆ.

"ನರ್ಸಬಾಯಿ ಹೇಳಿದಂಗ ಒಂದು ಮಾಡು."

ಅವಳು ಮಾಡಿದಳು. ಇನ್ನೊಂದನ್ನು ನಾನು ಮಾಡಿದೆ, ಅವತ್ತು ಮಾಡಿದ ಹಾಗೆಯೇ: ನೀರು ಎರಡು ಬೆರಳು ಕಡಿಮೆ, ಉಪ್ಪು ಮೂರು ಬೆರಳು, ಮೇಲೆ ಇನ್ನೊಂದು ಚಿಟಿಕೆ.

"ಸಾಹೇಬ ಮಾಲಿನ ಕ್ಯೂಬ್ ಒಡಸಿ ನೋಡ್ತಾನಲ್ಲ, ಹಂಗ ಇದು," ಅಂದೆ. "ಒಬ್ಬೊಬ್ಬರಾ ಬರ್ರಿ. ಎರಡೂ ಕುಡೀರಿ."

ಮೊದಲು ಬಂದವನು ತಮ್ಮ. ಸೊಸೆಯದು ಕುಡಿದು ತಲೆಯಾಡಿಸಿದ. ನನ್ನದನ್ನು ಬಾಯಿಗೆ ಹಾಕಿಕೊಂಡವನು ನನ್ನ ಮುಖ ನೋಡಿದ, ಹಿರಿಯಣ್ಣನ ಮುಂದೆ ಉಗುಳಲಾಗದೆ ನುಂಗಿದ. ಎರಡನೆಯವನು ಅಣ್ಣತಮ್ಮ ಏನೂ ಅಲ್ಲ, ಉಗುಳಿದ. ಹೀಗೆ ಹನ್ನೊಂದು ಗಂಡಸರು, ಒಂಬತ್ತು ಹೆಂಗಸರು. ಹಿರಿಯ ಗೌಂಡಿಯೊಬ್ಬ ಬಾಯಿ ಒರೆಸಿಕೊಂಡು, "ಮುಕಾದಮರ, ಇದರಾಗ ಸ್ಲ್ಯಾಬ್ ಹಾಕಬಹುದು," ಅಂದ.

ಆಯಿ ಕಡೆಗೆ ಬಂದಳು. ನನ್ನ ತಂಬಿಗೆಯದನ್ನು ನಾಲಿಗೆಗೆ ಹಚ್ಚಿಕೊಂಡು, "ಇದು ಯಾರು ಕೂಸಿಗೆ ಕುಡಿಸಿದ್ದು?" ಅಂದಳು.

"ನಾನು," ಅಂದೆ. "ಹುಡುಗಿ ಮಾಡಿಟ್ಟದ್ದು ನಾ ಒದ್ದು ಚೆಲ್ಲಿದೆ. ಇದು ನನ್ನ ಕೈ."

ಹೆಂಡತಿ ಹಿಂದಿನ ಸಾಲಿನಲ್ಲಿದ್ದಳು. ಮುಂದೆ ಬಂದು ಸೊಸೆಯ ತಂಬಿಗೆ ಎತ್ತಿ, ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಕುಡಿದಳು. ಆಮೇಲೆ ನನ್ನ ಜೊತೆ ಹದಿನಾಲ್ಕು ದಿನ ಮಾತಾಡಲಿಲ್ಲ. ಹಾಜರಿ ಹಿಡಿಯುವವನಿಗೆ ದಿನ ಎಣಿಸುವುದು ರೂಢಿ.

ಗ್ಯಾಂಗು ಬಿಟ್ಟು ಹೋಗುತ್ತದೆ ಅಂದುಕೊಂಡಿದ್ದೆ. ಯಾರೂ ಹೋಗಲಿಲ್ಲ. ಮಾಲು ಕಲಸಿದಾಗಲೆಲ್ಲ ಯಾರಾದರೊಬ್ಬರು "ಉಪ್ಪು ನೋಡ್ರಿ ಮುಕಾದಮರ" ಅನ್ನುತ್ತಿದ್ದರು, ಅಷ್ಟೆ. ಅದು ಎರಡು ವರ್ಷ ನಡೆಯಿತು.

ಆ ಸೋಮವಾರವೇ ಹನ್ನೊಂದು ಗಂಟೆಗೆ ನರ್ಸಬಾಯಿ ಬಂದಾಗ ನಾನೇ ರಸ್ತೆಯವರೆಗೆ ಹೋಗಿ, ಕೆಸರಿನ ಮೇಲೆ ಹಲಗೆ ಹಾಸಿ ಕರೆತಂದೆ. ನಡೆದದ್ದು ಹೇಳಿದೆ. ಅವಳು ಬೈಯಲಿಲ್ಲ. ತಪ್ಪು ತನ್ನದೂ ಉಂಟು ಅಂದಳು. ಚಿಟಿಕೆ ಅಂದರೆ ಯಾರ ಚಿಟಿಕೆ ಅಂತ ತಾನು ಎಲ್ಲರಿಗೂ ಹೇಳಬೇಕಿತ್ತು. ಆಮೇಲೆ ಆರೂ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಂದ ಚಿಟಿಕೆ ತೆಗೆಸಿ, ಚೀಲದಲ್ಲಿದ್ದ ಸಣ್ಣ ಚಮಚೆಗೆ ಹಾಕಿ ನೋಡಿದಳು. ನಾಲ್ವರ ಕೈ ಸರಿ. ಇಬ್ಬರದು ಸಣ್ಣದು, ಅವರಿಗೆ ಇನ್ನೊಂದು ಅರ್ಧ ಚಿಟಿಕೆ ಹೇಳಿಕೊಟ್ಟಳು. ಕಡೆಗೆ ನನ್ನ ಕಡೆ ತಿರುಗಿದಳು.

"ನೀವೂ ತೆಗೆಯಿರಿ, ನೋಡುವ."

ತೆಗೆದೆ. ಚಮಚೆ ತುಂಬಿ, ಅವಳ ಅಂಗೈ ಮೇಲೆ ಚೆಲ್ಲಿತು.

"ನಾಪಾಸು," ಅಂದಳು.

ಹುಡುಗಿಯರು ನಕ್ಕರು. ನಾಲ್ಕನೇ ಇಯತ್ತೆಯವರೆಗೆ ಯಾವ ಮಾಸ್ತರನಿಂದಲೂ ಆಗದ್ದು ಅದು.

ಮಂಗಳವಾರದ ಗಾಡಿಗೆ ಒಬ್ಬಳು ಹೋದಳು. ಅವಳ ಅಪ್ಪ ಅವ್ವ ಊರಿನಿಂದ ಕಳಿಸಿಕೊಡಿ ಅಂತ ಹೇಳಿಕಳಿಸಿದ್ದರು. ಐವರು ಉಳಿದರು. ಎರಡೆರಡು ಖೋಲಿಗೆ ಒಬ್ಬಳಂತೆ ಹಂಚಿಕೊಂಡರು, ಬೆಸ ಬಂದ ಹನ್ನೊಂದನೇ ಖೋಲಿ ನನ್ನದು, ಸೊಸೆಯ ಪಾಲಿಗೆ ಬಂತು. ನೀರು ಕುದಿಸದ ಮನೆಯ ಒಲೆ ಮುಂದೆ ಹೋಗಿ ಕೂತುಬಿಡುತ್ತಿದ್ದರು, ಕುದಿಯುವ ತನಕ ಏಳುತ್ತಿರಲಿಲ್ಲ. ಆಯಿಯ ಕಾವಲಿನಲ್ಲಿದ್ದ ಎರಡು ಕೂಸುಗಳಿಗೂ ಅವತ್ತೇ ಚಮಚೆ ಹಚ್ಚಿದರು, ಎರಡೂ ಉಳಿದವು. ರಸ್ತೆ ದಾಟಿ ರಾಯಚೂರಿನವರ ಕ್ಯಾಂಪಿಗೂ ಹೋಗಿ ತಂಬಿಗೆಗೆ ಗೀಟು ಎಳೆದು ಬಂದರು. ನಾನು ಮಾಡಿದ್ದು ಒಂದೇ: ಆ ಐವರ ಹೆಸರನ್ನು ಹಾಜರಿ ವಹಿಯಲ್ಲಿ ಬರೆದೆ. ಗುತ್ತಿಗೆದಾರ ಇವರು ಯಾರು ಅಂದ. "ಇವರಿಲ್ಲದಿದ್ರ ಉಳಿದ ಇಪ್ಪತ್ತು ಹಾಜರಿ ಇಲ್ಲ," ಅಂದೆ. ಅವನು ಸ್ವಲ್ಪ ಯೋಚಿಸಿ, ಅರ್ಧ ಹಾಜರಿ ಬರೆ ಅಂದ. ಬರೆದೆ.

ಉಳಿದದ್ದು ಲಗ್ನದ ಮಾತು. ಅದನ್ನು ನಿಕ್ಕಿ ಮಾಡಿದವನು ನಾನು, ಮುರಿಯಬೇಕಾದವನೂ ನಾನೇ. ನನ್ನ ಪುಣ್ಯಕ್ಕೆ ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮನೂ ಭೇದಿ ಹತ್ತಿ ಮಲಗಿದ. ಸೊಸೆ ಅವನ ತಲೆಯ ಹತ್ತಿರ ತಂಬಿಗೆ ಇಟ್ಟುಕೊಂಡು ಕೂತಳು.

"ಮಾಮಾ, ಬಾಯಿ ತಗಿ."

"ಸಾಕವ್ವಾ, ಆಮ್ಯಾಲೆ."

"ಆಮ್ಯಾಲೆ ಅಂದವರು ಆಚೀ ಕ್ಯಾಂಪಿನ್ಯಾಗ ಹೋದ್ರು. ತಗಿ."

ಎರಡು ದಿನ ಹೀಗೆ ನಡೆಯಿತು. ಎದ್ದ ಮೇಲೆ ಅವನು ನನ್ನ ಹತ್ತಿರ ಬಂದು, "ಅಣ್ಣಾ, ನನಗ ಬ್ಯಾರೆ ಕಡೆ ನೋಡು," ಅಂದ. ಯಾಕೆ ಅಂದೆ. "ನನ್ನ ವಾಂತಿ ಬಳದಾಳ, ನನ್ನ ಬಾಯಿ ತಗಿಸ್ಯಾಳ, ಹಳೇ ಮಾಸ್ತರ ಬೈದಂಗ ಬೈದಾಳ. ಇನ್ನ ಅಕಿನ್ನ ಹೆಂಡ್ತಿ ಅಂತ ಕರಿಯಾಕ ನನಗ ಬಾಯಿ ಬರೂದಿಲ್ಲ." ನಾನು ಬಹಳ ಹೊತ್ತು ಯೋಚಿಸಿದವನ ಹಾಗೆ ಕೂತು, ಆಗಲಿ ಅಂದೆ.

ಅಕ್ಕನಿಗೆ ನಾನೇ ಕಾಗದ ಬರೆದೆ. ನಾಲ್ಕು ಇಯತ್ತೆ ಅಷ್ಟಕ್ಕೆ ಸಾಕು. "ಇಲ್ಲಿ ಎಲ್ಲರೂ ಕ್ಷೇಮ. ಕೂಸಿಗೆ ಮೈಯಲ್ಲಿ ನೆಟ್ಟಗಿದ್ದಿಲ್ಲ, ಈಗ ಆರಾಮ. ನಿನ್ನ ಮಗಳ ಲಗ್ನ ಈಗ ಬೇಡ. ಹದಿನೆಂಟು ತುಂಬಲಿ. ತಮ್ಮನಿಗೆ ಬೇರೆ ನೋಡುತ್ತೇವೆ. ಸಿಟ್ಟಾಗಬೇಡ." ಭಾವ ಉತ್ತರ ಬರೆಸಿದ: ನನ್ನ ಮಗಳನ್ನು ಪುಕ್ಕಟೆ ದುಡಿಸಿಕೊಳ್ಳಲು ಈ ನಾಟಕ, ನಿನ್ನ ಮನೆ ಹೊಸ್ತಿಲು ತುಳಿಯುವುದಿಲ್ಲ. ಮೂರು ವರ್ಷ ತುಳಿಯಲಿಲ್ಲ. ಅಕ್ಕ ಮಾತ್ರ ಒಬ್ಬರ ಕೈಯಲ್ಲಿ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದಳು. ಗಂಟಿನೊಳಗೆ ಮಗಳ ಹಳೆಯ ಮೂರನೇ ಇಯತ್ತೆಯ ಪುಸ್ತಕವೂ ಇತ್ತು. ಜೊತೆಗೆ ಕಾಗದ ಇರಲಿಲ್ಲ. ಅಕ್ಕನಿಗೆ ಬರೆಯಲು ಬರುವುದಿಲ್ಲ.

ನಾವು ನೆರೂಳ ಬಿಟ್ಟು ಕಳವಾಕ್ಕೆ ಬಂದಾಗ ಸೊಸೆ ನರ್ಸಬಾಯಿ ಹೇಳಿದ ಸಾಲಿಗೆ ಸೇರಿದಳು, ತನ್ನ ಮೊಣಕೈಗೆ ಬರುವ ಮಕ್ಕಳ ಜೊತೆ ಕೂತು ಏಳನೇದು ಪಾಸು ಮಾಡಿದಳು. ನನಗಿಂತ ಮೂರು ಹೆಚ್ಚು. ಆಮೇಲೆ ಅಲ್ಲೇ ಒಂದು ಬಾಲವಾಡಿಯಲ್ಲಿ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಲಗ್ನ ಇಪ್ಪತ್ತಕ್ಕೆ ಆಯಿತು, ಅವಳನ್ನು ಕೇಳಿದ ಮೇಲೆ. ಕೇಳಿದವನು ನಾನೇ. "ಈಗ ಅಡ್ಡಿ ಇಲ್ಲ," ಅಂದಳು. ಭಾವ ಬಂದು ಎಲ್ಲದಕ್ಕೂ ಮುಂದೆ ನಿಂತ.

ಕಳೆದ ಮಳೆಗಾಲದಲ್ಲಿ ಅವಳ ಖೋಲಿಗೆ ಹೋದಾಗ ನನ್ನ ಹೊಟ್ಟೆ ಕೆಟ್ಟಿತು. ಅವಳು ನೀರು ಕುದಿಯಲಿಟ್ಟಳು, ಆರಿಸಿದಳು, ಸಕ್ಕರೆ ಹಾಕಿದಳು. ಅವಳ ಕೈಯೂ ಈಗ ದೊಡ್ಡದಾಗಿದೆ. ಅದಕ್ಕೆ ನೆರೆಮನೆಯ ಹನ್ನೆರಡು ವರ್ಷದ ಹುಡುಗಿಯನ್ನು ಕರೆದು ಚಿಟಿಕೆ ತೆಗೆಸಿ ಹೋಲಿಸಿ ನೋಡುತ್ತಾಳಂತೆ, ವರ್ಷಕ್ಕೊಮ್ಮೆ. ನಾನು ಸುಮ್ಮನೆ ಕೂರಲಾಗದೆ, ಉಪ್ಪಿನ ಡಬ್ಬಿ ಕೊಡಲೆಂದು ಕೈ ಚಾಚಿದೆ.

ಅವಳು ಡಬ್ಬಿಯನ್ನು ನನ್ನ ಕೈಗೆ ಸಿಗದ ಹಾಗೆ ಆ ಕಡೆಗೆ ಸರಿಸಿದಳು.